ಸಂಖ್ಯೆ ಸಿಕ್ಕಿತು, ವಿಮಾನ ಯಾವುದು?

(ಎರಡನೇ ಮಹಾಯುದ್ಧದಲ್ಲಿ ಬಿದ್ದ ವಿಮಾನಗಳ ತುಂಡುಗಳನ್ನು ಗುರುತಿಸುವ ಬಗ್ಗೆ ಇತ್ತೀಚೆಗೆ ಕೊಟ್ಟ ಒಂದು ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಪರದೆಯ ಮೇಲಿನ ಈ ಫೋಟೋ ನೋಡಿ. ಅಂಗೈ ಅಗಲದ ಅಲ್ಯೂಮಿನಿಯಂ ತುಂಡು. ಹಳೇ ಕಾಗದವನ್ನು ಮುದುಡಿ ಎಸೆದ ಹಾಗೆ ಮುದುಡಿಕೊಂಡಿದೆ. ಒಂದು ಅಂಚಿನಲ್ಲಿ ನಾಲ್ಕು ರಿವೆಟ್‌ಗಳಿವೆ. ಐದನೆಯದು ಕಿತ್ತುಹೋಗಿ ತೂತು ಮಾತ್ರ ಉಳಿದಿದೆ. ಒಳಮೈಗೆ ಬೂದು ಬೆರೆತ ಹಸಿರು ಬಣ್ಣ. ಮೂಲೆಯಲ್ಲಿ, ಉಗುರಿನಷ್ಟು ಜಾಗದಲ್ಲಿ, ಅಚ್ಚೊತ್ತಿದ ಅಂಕಿಗಳು. ಕೊನೆಯವು ಮಣ್ಣು ತಿಂದು ಹೋಗಿವೆ. ಮೊದಲ ಮೂರು ಮಾತ್ರ ಸ್ಪಷ್ಟ: 300. ಅದರ ಪಕ್ಕದಲ್ಲೇ ಇನ್ನೊಂದು ಪುಟ್ಟ ಮುದ್ರೆ: 6ಎಸ್.

ಇಂಥ ತುಂಡು ಕೈಗೆ ಬಂದರೆ ಎಲ್ಲರೂ ಕೇಳುವುದು ಒಂದೇ. ಇದು ಯಾವ ವಿಮಾನದ್ದು? ಕೇಳಲು ಒಂದೇ ಪ್ರಶ್ನೆ, ಒಳಗೆ ಎರಡಿವೆ. ಯಾವ ಮಾದರಿಯ ವಿಮಾನ ಅನ್ನುವುದು ಒಂದು. ಆ ಮಾದರಿಯ ಸಾವಿರಾರು ವಿಮಾನಗಳಲ್ಲಿ ಇದು ಯಾವುದು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಗಬಹುದು. ಎರಡನೆಯದಕ್ಕೆ ವರ್ಷಗಳು ಬೇಕಾಗಬಹುದು, ಸಿಗದೆಯೂ ಹೋಗಬಹುದು. ಎರಡನೆಯದಕ್ಕೆ ಉತ್ತರ ಕೊಟ್ಟ ತಕ್ಷಣ ನಾವು ಒಬ್ಬ ಮನುಷ್ಯನ ಹೆಸರು ಹೇಳಿದ ಹಾಗೆ. ಇಂಥವನು ಇಲ್ಲಿ, ಈ ಗದ್ದೆಯಲ್ಲಿ ಬಿದ್ದ ಅಂತ. ಅವನ ಮನೆಯವರು ಆ ಮಾತನ್ನು ನಂಬುತ್ತಾರೆ. ಹಾಗಾಗಿ ಇಡೀ ಹೊತ್ತು ಈ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುವುದರ ಬಗ್ಗೆಯೇ ಮಾತಾಡುತ್ತೇನೆ.

ಈಗ ಆ 300ಕ್ಕೆ ಬರೋಣ.

ಬ್ರಿಟನ್ನಿನ ಸೂಪರ್‌ಮರೀನ್ ಕಂಪನಿ ತನ್ನ ಪ್ರತಿಯೊಂದು ವಿನ್ಯಾಸಕ್ಕೂ ಒಂದು ಟೈಪ್ ಸಂಖ್ಯೆ ಕೊಡುತ್ತಿತ್ತು. ಅದರ ಫೈಟರ್ ವಿಮಾನ ಸ್ಪಿಟ್‌ಫೈರ್ ಅಂದರೆ ಟೈಪ್ 300. ಸ್ಪಿಟ್‌ಫೈರ್‌ನ ಯಾವುದೇ ಭಾಗದ ನಕ್ಷೆ ಬರೆದಾಗ ನಕ್ಷೆಯ ಸಂಖ್ಯೆ 300ರಿಂದ ಶುರುವಾಗುತ್ತಿತ್ತು. ಅದೇ ಸಂಖ್ಯೆಯನ್ನು ಭಾಗದ ಮೇಲೆ ಒತ್ತುತ್ತಿದ್ದರು. 6ಎಸ್ ಅನ್ನುವುದು ಸೂಪರ್‌ಮರೀನ್ ಕಡೆಯ ತಪಾಸಣೆಯ ಮುದ್ರೆ. ಹಾಗಾದರೆ ಇದು ಸ್ಪಿಟ್‌ಫೈರ್‌ನ ತುಂಡು. ಇಷ್ಟು ಹೇಳಲು ಅಡ್ಡಿಯಿಲ್ಲ.

ಆದರೆ ಹೊಸಬರು ಇಲ್ಲಿಂದ ಒಂದು ಹೆಜ್ಜೆ ಜಾಸ್ತಿ ಇಡುತ್ತಾರೆ. 300 ಅಂದರೆ ಮೊದಲ ಮಾದರಿ, ಅಂದರೆ 1940ರ ಬ್ರಿಟನ್ ಕದನದಲ್ಲಿ ಹಾರಿದ ಮಾರ್ಕ್ 1 ಅಂದುಬಿಡುತ್ತಾರೆ. ಅದು ತಪ್ಪು. ಮಾರ್ಕ್ 2 ಬಂದಾಗ ಟೈಪ್ 329 ಆಯಿತು. ಮಾರ್ಕ್ 5ರ ಒಂದು ಬಗೆ 349. ಮಾರ್ಕ್ 9 ಬಂದಾಗ 361. ಬದಲಾದ ಭಾಗಗಳಿಗೆ ಮಾತ್ರ ಹೊಸ ನಕ್ಷೆ ಬಂತು, ಹೊಸ ಸಂಖ್ಯೆ ಬಂತು. ಬದಲಾಗದ ಭಾಗಗಳು 300 ಅಂತಲೇ ಉಳಿದವು. ಹೀಗಾಗಿ 1944ರಲ್ಲಿ ಬಿದ್ದ ಮಾರ್ಕ್ 9ರಲ್ಲೂ 300 ಇರುವ ತುಂಡುಗಳು ರಾಶಿ ರಾಶಿ ಸಿಗುತ್ತವೆ. ಅಲ್ಲಿ ನೂರು ತುಂಡುಗಳ ಮೇಲೆ 300 ಇದ್ದು, ಒಂದೇ ಒಂದರ ಮೇಲೆ 361 ಇದ್ದರೆ, ತೀರ್ಮಾನ ಮಾಡುವುದು ಆ ಒಂದು ತುಂಡು. ನೂರು ಸಾಕ್ಷಿಗಳು ಒಂದು ಕಡೆ ನಿಂತರೂ ಇಲ್ಲಿ ಬಹುಮತಕ್ಕೆ ಬೆಲೆಯಿಲ್ಲ. ಆ ಜಾಗದಲ್ಲಿ ಸಿಕ್ಕ ಅತ್ಯಂತ ಹೊಸ ಸಂಖ್ಯೆಯನ್ನೇ ಹುಡುಕಬೇಕು.

ಅಮೆರಿಕದ ಮಸ್ಟಾಂಗ್ ಫೈಟರ್‌ನದೂ ಇದೇ ಕಥೆ. ನಾರ್ತ್ ಅಮೆರಿಕನ್ ಕಂಪನಿ ಅದರ ಮೊದಲ ವಿನ್ಯಾಸಕ್ಕೆ ಕೊಟ್ಟ ಸಂಖ್ಯೆ 73. ಆಮೇಲೆ ಬಂದ ಪಿ-51ಡಿ ಅನ್ನುವ ಮಸ್ಟಾಂಗ್‌ಗೆ 106, 109 ಅಂತ ಹೊಸ ಸಂಖ್ಯೆಗಳು ಬಂದವು. ಆದರೂ ಅದರೊಳಗೆ 73ರ ಭಾಗಗಳು ಇದ್ದೇ ಇರುತ್ತವೆ. ಬಿ-24 ಬಾಂಬರ್ ಕನ್ಸಾಲಿಡೇಟೆಡ್ ಕಂಪನಿಯ 32ನೇ ಮಾಡೆಲ್, ಅದರ ಭಾಗಗಳ ಸಂಖ್ಯೆ 32ರಿಂದ ಶುರು. ಜರ್ಮನಿಯಲ್ಲಿ ವಾಯುಯಾನ ಸಚಿವಾಲಯವೇ ಸಂಖ್ಯೆ ಹಂಚುತ್ತಿತ್ತು. ವಿಮಾನದ ದೇಹಕ್ಕೆ 8, ಎಂಜಿನ್‌ಗೆ 9 ಮುಂದೆ ಸೇರುತ್ತಿತ್ತು. 8-109 ಅಂದರೆ ಮೆಸ್ಸರ್‌ಶ್ಮಿಟ್ 109 ಫೈಟರ್. 9-601 ಅಂದರೆ ಡೈಮ್ಲರ್-ಬೆಂಜ್ 601 ಎಂಜಿನ್.

ಇವೆಲ್ಲ ನಕ್ಷೆಯ ಸಂಖ್ಯೆಗಳು. ಸ್ಪಿಟ್‌ಫೈರ್‌ಗಳು 20,000ಕ್ಕಿಂತ ಜಾಸ್ತಿ ತಯಾರಾದವು. ಒಂದೇ ನಕ್ಷೆಯಿಂದ ಬಂದ ಭಾಗ ಅವುಗಳಲ್ಲಿ ಸಾವಿರಾರು ವಿಮಾನಗಳಲ್ಲಿ ಕೂತಿದೆ, ಎಲ್ಲದರ ಮೇಲೂ ಅದೇ ಸಂಖ್ಯೆ. ಈ ಸಂಖ್ಯೆ ಕುಲ ಹೇಳುತ್ತದೆ, ಹೆಸರು ಹೇಳುವುದಿಲ್ಲ.

ಸಂಖ್ಯೆಯೇ ಇಲ್ಲದಿದ್ದರೆ? ಬಹಳಷ್ಟು ತುಂಡುಗಳ ಮೇಲೆ ಇರುವುದಿಲ್ಲ. ಆಗ ಅಳತೆ ಮಾತಾಡುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಒಂದು ಪಿಸ್ಟನ್ ಸಿಕ್ಕಿದೆ ಅಂದುಕೊಳ್ಳಿ. ವರ್ನಿಯರ್ ಕ್ಯಾಲಿಪರ್ ಹಿಡಿದು ಅಡ್ಡಳತೆ ನೋಡಿ. ಸಿಲಿಂಡರ್ ಒಳಗೆ ಓಡಾಡಲು ಪಿಸ್ಟನ್ ಒಂದು ಕೂದಲೆಳೆಯಷ್ಟು ಸಣ್ಣದಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಬ್ರಿಟನ್ನಿನ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನ್‌ನ ಸಿಲಿಂಡರ್‌ನ ಒಳ ಅಡ್ಡಳತೆ 5.4 ಇಂಚು, ಅಂದರೆ 137 ಮಿಲಿಮೀಟರ್. ಅಮೆರಿಕದ ಆಲಿಸನ್ ಎಂಜಿನ್‌ನದು 5.5 ಇಂಚು, ಸುಮಾರು 139.7 ಮಿಲಿಮೀಟರ್. ಎರಡರ ನಡುವೆ ಮೂರು ಮಿಲಿಮೀಟರ್ ಕೂಡ ಇಲ್ಲ. ಬಡಿತಕ್ಕೆ ಸಿಕ್ಕಿ ಸೊಟ್ಟಗಾದ ಪಿಸ್ಟನ್ನನ್ನು ಒಂದೇ ಕಡೆ ಅಳೆದರೆ ದೇಶವೇ ಬದಲಾಗಿಬಿಡುತ್ತದೆ! ನಾಲ್ಕಾರು ಕಡೆ ಅಳೆಯಬೇಕು. ಡೈಮ್ಲರ್-ಬೆಂಜ್ 601ರದು 150 ಮಿಲಿಮೀಟರ್, ಅದರ ನಂತರದ 605ರದು 154. ಮೆಸ್ಸರ್‌ಶ್ಮಿಟ್ 109ರ ಇ ಮತ್ತು ಎಫ್ ಮಾದರಿಗಳಲ್ಲಿ 601 ಇತ್ತು, ಜಿ ಮಾದರಿಯಲ್ಲಿ 605. ನಾಲ್ಕು ಮಿಲಿಮೀಟರ್‌ನಲ್ಲಿ ಯುದ್ಧದ ಎರಡು ಕಾಲಘಟ್ಟಗಳು ಬೇರೆಯಾಗುತ್ತವೆ. ಆದರೆ 150 ಕಂಡ ಕೂಡಲೇ 109 ಅನ್ನಬೇಡಿ. ಯುಂಕರ್ಸ್ ಯುಮೊ 211 ಎಂಜಿನ್‌ನ ಸಿಲಿಂಡರ್ ಕೂಡ 150 ಮಿಲಿಮೀಟರ್. ಅದು ಹೈಂಕೆಲ್ 111, ಯುಂಕರ್ಸ್ 88 ಬಾಂಬರ್‌ಗಳ ಎಂಜಿನ್. ಫೈಟರ್‌ನಲ್ಲಿ ಒಬ್ಬನೇ. ಬಾಂಬರ್‌ನಲ್ಲಿ ನಾಲ್ಕೈದು ಜನ. ಎಷ್ಟು ಜನರಿಗಾಗಿ ಹುಡುಕುತ್ತಿದ್ದೇವೆ ಅನ್ನುವುದೇ ಬದಲಾಗುತ್ತದೆ.

ಬೋಲ್ಟ್‌ಗಳೂ ಅಷ್ಟೇ. ಬೋಲ್ಟ್‌ನ ಮೈಮೇಲೆ ಸುತ್ತಿಕೊಂಡು ಹೋಗುವ ಗೆರೆಗೆ ಮರೆ (ಥ್ರೆಡ್) ಅನ್ನುತ್ತಾರೆ. ಬ್ರಿಟಿಷ್ ವಿಟ್‌ವರ್ತ್ ಮರೆಯ ಕೋನ 55 ಡಿಗ್ರಿ. ಅಮೆರಿಕದ್ದು 60. ಜರ್ಮನ್ ಮೆಟ್ರಿಕ್ ಮರೆಯೂ 60, ಆದರೆ ಅಳತೆ ಮಿಲಿಮೀಟರಿನಲ್ಲಿ. ಥ್ರೆಡ್ ಗೇಜ್ ಒಂದನ್ನು ಮರೆಯ ಮೇಲಿಟ್ಟು ಬೆಳಕಿಗೆ ಹಿಡಿದರೆ ಕೂತಿತೋ ಇಲ್ಲವೋ ಗೊತ್ತಾಗುತ್ತದೆ. ಇಲ್ಲೂ ಒಂದು ಬಲೆ ಇದೆ. ಅಮೆರಿಕದ ಪ್ಯಾಕರ್ಡ್ ಕಂಪನಿ ಮರ್ಲಿನ್ ಎಂಜಿನ್ ತಯಾರಿಸಲು ಶುರು ಮಾಡಿದಾಗ ಬ್ರಿಟಿಷ್ ಮರೆಗಳನ್ನೇ ಉಳಿಸಿಕೊಂಡಿತು. ಎರಡು ದೇಶದ ಭಾಗಗಳು ಒಂದಕ್ಕೊಂದು ಹೊಂದಬೇಕಿತ್ತಲ್ಲ. ಹೀಗಾಗಿ ಅಮೆರಿಕದಲ್ಲಿ ಹುಟ್ಟಿದ ಎಂಜಿನ್ ಒಳಗೆ ಬ್ರಿಟಿಷ್ ಮರೆ. ಆ ಎಂಜಿನ್ ಮಸ್ಟಾಂಗ್‌ನಲ್ಲೂ ಇತ್ತು, ಬ್ರಿಟಿಷ್ ಬಾಂಬರ್ ಲ್ಯಾಂಕಾಸ್ಟರ್ ಮಾರ್ಕ್ 3ರಲ್ಲೂ ಇತ್ತು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಬಣ್ಣದ ಮೇಲೆ ಭಾರ ಹಾಕಬಾರದು. ಜಪಾನಿನ ವಿಮಾನಗಳ ಒಳಮೈಗೆ ಬಳಿಯುತ್ತಿದ್ದ ಅಓತಾಕೆ ಅನ್ನುವ ನೀಲಿ-ಹಸಿರು ಪಾರದರ್ಶಕ ಮೆರುಗನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅಮೆರಿಕದವರ ಜಿಂಕ್ ಕ್ರೋಮೇಟ್ ಹಳದಿ-ಹಸಿರು. ಜರ್ಮನರ ಒಳಭಾಗಗಳಿಗೆ ಬೂದು-ಹಸಿರು, ಕಾಕ್‌ಪಿಟ್‌ಗೆ ಕಪ್ಪು-ಬೂದು. ಆದರೆ ಬೂದು-ಹಸಿರು ಬ್ರಿಟಿಷರಲ್ಲೂ ಇತ್ತು. ಎಂಬತ್ತು ವರ್ಷ ಮಣ್ಣಲ್ಲಿ ಇದ್ದ ಬಣ್ಣವನ್ನು ಕಂಪ್ಯೂಟರ್ ಪರದೆಯಲ್ಲಿ ನೋಡಿ ತೀರ್ಪು ಕೊಡುವುದು ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ತೊಳೆಯುವ ಮುಂಚೆ ನೋಡಿ. ಅಲ್ಯೂಮಿನಿಯಂ ಹಾಳೆ ಕಾರ್ಖಾನೆಯಿಂದ ಬರುವಾಗ ಅದರ ಮೇಲೆ ಮಿಶ್ರಲೋಹದ ಹೆಸರನ್ನು ಶಾಯಿಯಲ್ಲಿ ಮುದ್ರಿಸಿರುತ್ತಿದ್ದರು. ಆಲ್‌ಕ್ಲಾಡ್ ಅಂತ, ಅಮೆರಿಕದ್ದಾದರೆ 24ಎಸ್-ಟಿ ಅಂತ. ಮಡಿಕೆಯ ಒಳಗೆ, ಬಣ್ಣದ ಕೆಳಗೆ ಆ ಶಾಯಿ ಇವತ್ತಿಗೂ ಉಳಿದಿರುತ್ತದೆ. ತಪಾಸಣೆ ಮಾಡಿದವರ ಪೆನ್ಸಿಲ್ ಗುರುತು ಕೂಡ. ತಂತಿ ಬ್ರಷ್ ಹಾಕಿ ಒಮ್ಮೆ ಉಜ್ಜಿದರೆ ಎಲ್ಲ ಹೋಯಿತು. ತುಂಡು ಫಳಫಳ ಅನ್ನುತ್ತದೆ, ಮೂಕವಾಗುತ್ತದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ತುಂಡನ್ನು ಬಿಸಿನೀರಿನಲ್ಲಿ ನೆನೆಸಿಟ್ಟೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಮಣ್ಣಿನ ಜೊತೆ ನೇರಳೆ ಶಾಯಿಯ ಅಕ್ಷರಗಳೂ ನೀರಿಗೆ ಹೋಗಿದ್ದವು. ಮೊದಲ ಎರಡು ಅಕ್ಷರ ಓದಿಕೊಂಡಿದ್ದೆ, ಉಳಿದದ್ದು ಯಾರಿಗೂ ಇನ್ನು ಸಿಗುವುದಿಲ್ಲ. ಆ ಬೇಸರ ಈಗಲೂ ಇದೆ. ಒಣ ಮೆತ್ತನೆ ಬ್ರಷ್ ಸಾಕು. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಹೆಚ್ಚುಕಡಿಮೆ ತುಂಡಿನ ಮೈಗೆ ತಾಗಿಸಿದ ಹಾಗೆ ಹಿಡಿದು ನಿಧಾನವಾಗಿ ಸುತ್ತಿಸಿ. ಸವೆದ ಅಂಕಿಗಳ ನೆರಳು ಎದ್ದು ಕಾಣುತ್ತದೆ. ಪ್ರತಿ ಕೋನದಿಂದಲೂ ಫೋಟೋ ತೆಗೆಯಿರಿ. 3 ಮತ್ತು 8, 1 ಮತ್ತು 7 ಕೈಕೊಡುವ ಅಂಕಿಗಳು. ಇಬ್ಬರು ಬೇರೆ ಬೇರೆ ಕೂತು ಓದಿ, ಆಮೇಲೆ ಹೋಲಿಸಿ.

ಈಗ ಎರಡನೇ ಪ್ರಶ್ನೆ. ಸಾವಿರಾರು ವಿಮಾನಗಳಲ್ಲಿ ಇದು ಯಾವುದು?

ಇದಕ್ಕೆ ಉತ್ತರ ಕೊಡಬಲ್ಲ ಭಾಗಗಳು ಕಡಿಮೆ. ತಯಾರಕರ ಫಲಕ ಸಿಕ್ಕಿದರೆ ಪುಣ್ಯ. ಇಲ್ಲದಿದ್ದರೆ ಎಂಜಿನ್ನಿನ ಸಂಖ್ಯೆ, ಬಂದೂಕಿನ ಸಂಖ್ಯೆ. ಇನ್ನೊಂದು ಜಾಗವನ್ನು ಜನ ಮರೆಯುತ್ತಾರೆ: ಕೈಯಿಂದ ಉಜ್ಜಿ ಹೊಂದಿಸಿದ ಮುಚ್ಚಳಗಳು, ಬಾಗಿಲುಗಳು. ಒಂದು ವಿಮಾನದ ಮುಚ್ಚಳ ಪಕ್ಕದ ವಿಮಾನಕ್ಕೆ ಸರಿಯಾಗಿ ಕೂರದು. ಅದಲು ಬದಲಾಗಬಾರದು ಅಂತ ಕೆಲಸಗಾರರು ಒಳಗೆ ಆ ವಿಮಾನದ ಸಂಖ್ಯೆಯನ್ನೇ ಬರೆದಿಡುತ್ತಿದ್ದರು.

ಅಮೆರಿಕದ ದಾಖಲೆಗಳು ಈ ವಿಷಯದಲ್ಲಿ ದೊಡ್ಡ ಉಪಕಾರ ಮಾಡಿವೆ. 1943ರಿಂದ ಅವರ ಸೇನಾ ವಾಯುಪಡೆ ಕಾಣೆಯಾದ ವಿಮಾನಗಳಿಗೆ ಒಂದು ವರದಿ ಬರೆಯಲು ಶುರು ಮಾಡಿತು. ಆ ನಮೂನೆಯಲ್ಲಿ ಸಿಬ್ಬಂದಿಯ ಹೆಸರು ಮಾತ್ರವಲ್ಲ, ಎಂಜಿನ್‌ಗಳ ಸಂಖ್ಯೆ, ಒಂದೊಂದು ಮೆಷಿನ್ ಗನ್ನಿನ ಸಂಖ್ಯೆ ಬರೆಯಲೂ ಜಾಗ ಇತ್ತು. ಎಂಬತ್ತು ವರ್ಷದ ಮೇಲೆ ಕಾಡಿನಲ್ಲಿ ತುಕ್ಕು ಹಿಡಿದ ಒಂದು ಬ್ರೌನಿಂಗ್ ಗನ್ ಸಿಕ್ಕಿ, ಅದರ ಮೇಲಿನ ಸಂಖ್ಯೆ ಆ ಕಾಗದದ ಸಾಲಿಗೆ ಹೊಂದಿದರೆ, ಹತ್ತು ಜನರ ಕಥೆ ಒಮ್ಮೆಗೇ ತೆರೆದುಕೊಳ್ಳುತ್ತದೆ. ಅಂದು ಯಾರೋ ಒಬ್ಬ ಗುಮಾಸ್ತ ಬೇಸರಪಡದೆ ಅಷ್ಟೂ ಅಂಕಿಗಳನ್ನು ಟೈಪ್ ಮಾಡಿದ್ದಾನೆ. ಅವನನ್ನು ನೆನೆಯದೆ ನಾನು ಆ ಹಾಳೆಗಳನ್ನು ತಿರುವುವುದಿಲ್ಲ. ಜರ್ಮನ್ ನಷ್ಟದ ಪಟ್ಟಿಗಳಲ್ಲಿ ವಿಮಾನದ ಕಾರ್ಖಾನೆ ಸಂಖ್ಯೆ, ಜೊತೆಗೆ ಹಾನಿ ಶೇಕಡಾ ಎಷ್ಟು ಅಂತ ಇರುತ್ತದೆ. 100 ಅಂದರೆ ಪೂರ್ತಿ ನಾಶ.

ಗುಂಡಿನ ಖಾಲಿ ತೋಟಾಗಳ ತಳದಲ್ಲಿ ಕಾರ್ಖಾನೆಯ ಅಕ್ಷರ, ವರ್ಷ ಇರುತ್ತವೆ. ತೋಟಾದ ಮೇಲೆ 43 ಇದ್ದರೆ ವಿಮಾನ 1943ಕ್ಕಿಂತ ಮುಂಚೆ ಬಿದ್ದದ್ದಲ್ಲ. ಅಷ್ಟೇ ಹೇಳಬಹುದು, ಆದರೆ ಅಷ್ಟರಲ್ಲೇ ಎಷ್ಟೋ ತಪ್ಪು ಹೆಸರುಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ.

ಇಷ್ಟೆಲ್ಲ ಹೊಂದಿದರೂ ಒಂದು ಭಯ ಇದ್ದೇ ಇರುತ್ತದೆ. ಯುದ್ಧದ ದಿನಗಳಲ್ಲಿ ವಿಮಾನಗಳನ್ನು ರಿಪೇರಿ ಮಾಡಿ ಮಾಡಿ ಹಾರಿಸುತ್ತಿದ್ದರು. ಒಂದರ ರೆಕ್ಕೆ ಇನ್ನೊಂದಕ್ಕೆ, ಎಂಜಿನ್ ಮತ್ತೊಂದಕ್ಕೆ. ರೆಕ್ಕೆಯಲ್ಲಿ ಸಿಕ್ಕ ಸಂಖ್ಯೆ ದೇಹದ್ದಾಗಿರಬೇಕಿಲ್ಲ. ಮುರಿದ ವಿಮಾನಗಳನ್ನು ಆಗಲೇ ಒಯ್ದು ಕರಗಿಸುತ್ತಿದ್ದರು. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್ ಹತ್ತಿರದ ಕೌಲಿಯಲ್ಲಿ ಇದಕ್ಕೇ ಒಂದು ದೊಡ್ಡ ಅಂಗಳ ಇತ್ತು. ಸ್ಪಿಟ್‌ಫೈರ್, ಹೈಂಕೆಲ್ ಎಲ್ಲ ಅಲ್ಲಿ ಒಂದೇ ರಾಶಿ. ಇನ್ನು 1940ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಒಂದು ಹೊಲದಲ್ಲಿ ವಿಮಾನ ಬಿದ್ದರೆ, ಅದರ ಮೇಲೆ ಆಕಾಶದಲ್ಲೇ ಒಡೆದ ಇನ್ನೊಂದರ ಚೂರುಗಳೂ ಬಿದ್ದಿರಬಹುದು.

ಇದಕ್ಕೆ ನನಗೆ ತಿಳಿದ ಒಳ್ಳೆಯ ಉದಾಹರಣೆ ಭೂಮಿಯ ಮೇಲಿನದಲ್ಲ, ಸಮುದ್ರದ್ದು.

1944ರ ಜುಲೈ 31. ಕಾರ್ಸಿಕಾ ದ್ವೀಪದ ಬೋರ್ಗೊ ನಿಲ್ದಾಣದಿಂದ ಒಂದು ವಿಮಾನ ಹೊರಟಿತು. ಲಾಕ್‌ಹೀಡ್ ಪಿ-38ರ ಫೋಟೋ ತೆಗೆಯುವ ಮಾದರಿ, ಎಫ್-5ಬಿ. ಅದರಲ್ಲಿ ಬಂದೂಕು ಇರಲಿಲ್ಲ, ಕ್ಯಾಮೆರಾ ಇತ್ತು. ಚಾಲಕ ಫ್ರೆಂಚ್ ಲೇಖಕ ಆಂತ್ವಾನ್ ದ ಸಾಂತ್-ಎಕ್ಸುಪೆರಿ. ವಿಮಾನ ಮರಳಿ ಬರಲಿಲ್ಲ. ಐವತ್ತು ವರ್ಷ ಯಾರಿಗೂ ಏನೂ ತಿಳಿಯಲಿಲ್ಲ. 1998ರಲ್ಲಿ ಫ್ರಾನ್ಸಿನ ಮಾರ್ಸೇಯ್ ನಗರದ ದಕ್ಷಿಣಕ್ಕೆ, ರಿಯೂ ದ್ವೀಪದ ಬಳಿ, ಮೀನುಗಾರರ ಬಲೆಗೆ ಒಂದು ಬೆಳ್ಳಿ ಕೈಸರ ಸಿಕ್ಕಿತು. ಅದರ ಮೇಲೆ ಅವನ ಹೆಸರು, ಹೆಂಡತಿಯ ಹೆಸರು. ಎಷ್ಟೋ ಜನ ಅದನ್ನು ನಂಬಲೇ ಇಲ್ಲ, ಸುಮ್ನೆ ಯಾರೋ ಮಾಡಿಸಿದ್ದು ಅಂದರು.

2000ನೇ ಇಸವಿಯಲ್ಲಿ ಒಬ್ಬ ಮುಳುಗುಗಾರ ಅದೇ ಸುತ್ತಿನ ಸಮುದ್ರ ತಳದಲ್ಲಿ ಪಿ-38ರ ಅವಶೇಷ ಗುರುತಿಸಿದ. ಪಿ-38ಗಳು ಸುಮಾರು 10,000 ತಯಾರಾದವು. ಆ ಕರಾವಳಿಯಲ್ಲಿ ಬಿದ್ದದ್ದೂ ಒಂದೆರಡಲ್ಲ. ಕೈಸರ ಸಿಕ್ಕಿದೆ, ವಿಮಾನ ಸಿಕ್ಕಿದೆ, ಇನ್ನೇನು ಬೇಕು ಅನ್ನಬಹುದಿತ್ತು. ಅನ್ನಲಿಲ್ಲ. ಅದೇ ಜಾಗದಲ್ಲಿ ಮೆಸ್ಸರ್‌ಶ್ಮಿಟ್ 109ರ ಡೈಮ್ಲರ್-ಬೆಂಜ್ ಎಂಜಿನ್ ಕೂಡ ಇತ್ತು ನೋಡಿ. ಎರಡು ದೇಶದ ಎರಡು ವಿಮಾನಗಳು ಒಂದೇ ತಳದಲ್ಲಿ. ಹತ್ತಿರ ಇದ್ದ ಮಾತ್ರಕ್ಕೆ ಒಂದಕ್ಕೊಂದು ಸಂಬಂಧ ಅನ್ನುವಂತಿಲ್ಲ.

2003ರಲ್ಲಿ ಅನುಮತಿ ಪಡೆದು ತುಂಡುಗಳನ್ನು ಮೇಲೆತ್ತಿದರು. ಉಪ್ಪು, ಚಿಪ್ಪು ಬಿಡಿಸುತ್ತಾ ಹೋದಾಗ ಒಂದು ತುಂಡಿನ ಮೇಲೆ ಸಂಖ್ಯೆ ಕಂಡಿತು. 2734, ಅದರ ಕೊನೆಯಲ್ಲಿ ಎಲ್ ಅನ್ನುವ ಅಕ್ಷರ. ಎಲ್ ಅಂದರೆ ಲೆಫ್ಟ್, ಎಡಗಡೆ. 2734 ನಕ್ಷೆಯ ಸಂಖ್ಯೆಯಲ್ಲ. ಲಾಕ್‌ಹೀಡ್ ಕಾರ್ಖಾನೆ ಆ ಒಂದೇ ವಿಮಾನಕ್ಕೆ ಕೊಟ್ಟ ಸಂಖ್ಯೆ. ಕಾರ್ಖಾನೆಯ ಪಟ್ಟಿಯಲ್ಲಿ 2734ರ ಎದುರು ಇದ್ದದ್ದು ಸೇನೆಯ ಸಂಖ್ಯೆ 42-68223. ಜುಲೈ 31ರ ಬೆಳಿಗ್ಗೆ ಅವನು ಹಾರಿಸಿದ್ದು ಅದನ್ನೇ. 2004ರ ಏಪ್ರಿಲ್‌ನಲ್ಲಿ ಫ್ರೆಂಚ್ ಅಧಿಕಾರಿಗಳು ಇದನ್ನು ಒಪ್ಪಿದರು.

ನಾಲ್ಕು ಅಂಕಿ, ಒಂದು ಅಕ್ಷರ. ಅದನ್ನು ಒತ್ತಿದ ಕೆಲಸಗಾರನಿಗೆ ಅದು ಎಡಗಡೆ ಭಾಗ, ಬಲಗಡೆ ಹಾಕಬೇಡಿ ಅನ್ನುವ ಸೂಚನೆ ಅಷ್ಟೇ. ಆ ಸಂಖ್ಯೆ ಯಾವ ವಿಮಾನ ಅಂತ ಹೇಳಿತು. ಯಾಕೆ ಬಿತ್ತು ಅಂತ ಹೇಳಲಿಲ್ಲ. ಸಿಕ್ಕ ತುಂಡುಗಳು ಅದನ್ನು ತೀರ್ಮಾನಿಸಲು ಸಾಲುವುದಿಲ್ಲ. ಅಲ್ಲಿಗೇ ನಿಲ್ಲಿಸಿದ್ದು ನನಗೆ ಗುರುತಿಸಿದ್ದಷ್ಟೇ ದೊಡ್ಡ ಕೆಲಸ ಅನ್ನಿಸುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಈಶಾನ್ಯ ಭಾರತದ ಬೆಟ್ಟಗಳಲ್ಲೂ ಇಂಥ ವಿಮಾನಗಳಿವೆಯಂತೆ, ಅಲ್ವಾ?

ಹೌದು. 1942ರಿಂದ 1945ರವರೆಗೆ ಅಸ್ಸಾಮಿನ ನಿಲ್ದಾಣಗಳಿಂದ ಚೀನಾದ ಕುನ್ಮಿಂಗ್‌ಗೆ ಸರಕು ಹೊತ್ತು ಹಾರಿದ ದಾರಿಗೆ ಹಂಪ್ ಅನ್ನುತ್ತಿದ್ದರು. ನೂರಾರು ವಿಮಾನಗಳು ಆ ದಾರಿಯಲ್ಲಿ ಕಳೆದುಹೋದವು. ಅರುಣಾಚಲದ ಕಾಡುಗಳಲ್ಲಿ ಅವಶೇಷಗಳು ಇವತ್ತಿಗೂ ಇವೆ. ಪಾಸಿಘಾಟ್‌ನಲ್ಲಿ 2023ರಲ್ಲಿ ಇದಕ್ಕೇ ಒಂದು ಮ್ಯೂಸಿಯಂ ಆಗಿದೆ. ಗುರುತಿಸುವ ಕಷ್ಟಕ್ಕೆ ಅಲ್ಲಿನ ಒಂದು ಉದಾಹರಣೆ ಕೊಡುತ್ತೇನೆ. ಭಾಗದ ಮೇಲೆ 32ರಿಂದ ಶುರುವಾಗುವ ಸಂಖ್ಯೆ ಕಂಡರೆ ಬಿ-24 ಬಾಂಬರ್ ಅನ್ನಿಸುತ್ತದೆ. ಆದರೆ ಆ ದಾರಿಯಲ್ಲಿ ಸಿ-87 ಅನ್ನುವ ಸರಕು ವಿಮಾನವೂ ಹಾರುತ್ತಿತ್ತು. ಅದು ಬಿ-24ರದೇ ದೇಹ. ಸಂಖ್ಯೆ ಎರಡರಲ್ಲೂ ಒಂದೇ. ಆಗ ಏನು ಸಿಕ್ಕಿದೆ ಅನ್ನುವುದರ ಜೊತೆ ಏನು ಸಿಕ್ಕಿಲ್ಲ ಅಂತಲೂ ನೋಡಬೇಕು. ಗನ್ ಗೋಪುರದ ಭಾಗ, ಬಾಂಬ್ ತೂಗುವ ಚೌಕಟ್ಟು ಇವೆಯೇ? ಕಾಡಿನಲ್ಲಿ ಎಂಬತ್ತು ವರ್ಷದಲ್ಲಿ ಜನ ಲೋಹ ಒಯ್ದಿರುತ್ತಾರೆ. ಹಾಗಾಗಿ ಇಲ್ಲ ಅನ್ನುವುದನ್ನೂ ಹುಷಾರಾಗಿ ಬಳಸಬೇಕು.

ಇನ್ನೊಬ್ಬರು ಕೇಳಿದರು: ಚಾರಣಕ್ಕೆ ಹೋದಾಗ ಇಂಥ ತುಂಡು ಕಂಡರೆ ಏನು ಮಾಡಬೇಕು?

ಎತ್ತಿಕೊಳ್ಳಬೇಡಿ. ಗುಂಡುಗಳು ಇವತ್ತಿಗೂ ಸಿಡಿಯಬಹುದು. ಹಳೇ ಗಡಿಯಾರ, ಮೀಟರ್‌ಗಳ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರುತ್ತದೆ. ಹೊಳಪು ಹೋಗಿರುತ್ತದೆ, ವಿಕಿರಣ ಹೋಗಿರುವುದಿಲ್ಲ. ಅದರ ಅರ್ಧಾಯುಷ್ಯ 1,600 ವರ್ಷ. ಕೆರೆಯಬೇಡಿ, ಗಾಜು ಒಡೆಯಬೇಡಿ. ಬ್ರಿಟನ್ನಿನಲ್ಲಿ 1986ರ ಕಾನೂನಿನ ಪ್ರಕಾರ ಸೇನಾ ವಿಮಾನ ಬಿದ್ದ ಜಾಗವನ್ನು ರಕ್ಷಣಾ ಸಚಿವಾಲಯದ ಪರವಾನಗಿ ಇಲ್ಲದೆ ಅಗೆಯುವುದೇ ಅಪರಾಧ. ಬೇರೆ ದೇಶಗಳಲ್ಲಿ ಬೇರೆ ನಿಯಮ, ಆದರೆ ಎಲ್ಲಿಯೂ ಅಲ್ಲಿ ಮನುಷ್ಯರ ಮೂಳೆ ಇರಬಹುದು ಅನ್ನುವುದು ನೆನಪಿರಲಿ.

ತುಂಡು ಇದ್ದ ಹಾಗೇ, ಇದ್ದ ಜಾಗದಲ್ಲೇ ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ ಇಡಿ. ಅಂಕಿ ಕಾಣುತ್ತಿದ್ದರೆ ಹತ್ತಿರದಿಂದ ಎರಡು ಮೂರು ಫೋಟೋ, ಬೆಳಕು ಪಕ್ಕದಿಂದ ಬರುವ ಹಾಗೆ. ಫೋನಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಆಮೇಲೆ ಸ್ಥಳೀಯ ಆಡಳಿತಕ್ಕೆ, ಪೊಲೀಸರಿಗೆ ತಿಳಿಸಿ. ಅದರ ಸುತ್ತ ಹತ್ತು ಹೆಜ್ಜೆಯಲ್ಲಿ ಇನ್ನೇನಿದೆ ಅಂತ ಕಣ್ಣಾಡಿಸಿ ಬರೆದಿಡಿ, ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತಲೇ ಬರೆಯಿರಿ.